ಸಸಿ ನೆಡುವ ಮೊದಲು ಉಪ್ಪಿನ ನಕ್ಷೆ



ನಮ್ಮ ಮಲೆನಾಡಿನ ಬೆಳೆಗಾರರಿಗೆ ಮಣ್ಣಿನಲ್ಲಿ ಉಪ್ಪು ಹೆಚ್ಚಾಯಿತೆಂಬ ದೂರು ಅಷ್ಟಾಗಿ ಪರಿಚಿತವಾದುದಲ್ಲ. ನಮ್ಮದು ಹುಳಿ ಮಣ್ಣು. ಸುಣ್ಣ ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಎಂಬುದೇ ಕಾಫಿ ತೋಟದವರ ಚಿಂತೆ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ಮೀರಿ ಮಳೆ ಹೊಯ್ಯುವ ಕಡೆ ಉಪ್ಪು ನಿಲ್ಲುವುದಾದರೂ ಎಲ್ಲಿ? ಹಾಕಿದ ಗೊಬ್ಬರವೇ ನಿಲ್ಲುವುದಿಲ್ಲ. ಆದ್ದರಿಂದ ಸವುಳು-ಜವುಳಿನ ವಿಚಾರ ನಮ್ಮ ಪತ್ರಿಕೆಗೇಕೆ ಎಂದು ಯಾರಾದರೂ ಕೇಳಿದರೆ ಅದು ಸಹಜವೇ.

ಉತ್ತರವಿಷ್ಟೆ: ಅಡಿಕೆ ಈಗ ಮಲೆನಾಡಿನ ಬೆಳೆ ಮಾತ್ರವಾಗಿ ಉಳಿದಿಲ್ಲ. ಚನ್ನಗಿರಿ, ದಾವಣಗೆರೆಯ ಕಡೆ ಭದ್ರಾ ನಾಲೆಯ ಕೆಳಗೆ ಭತ್ತದ ಗದ್ದೆಗಳು ತೋಟಗಳಾಗಿವೆ, ಆಗುತ್ತಲೂ ಇವೆ. ನಾಲೆ ಇಲ್ಲದ ಕಡೆ ಕೊಳವೆಬಾವಿಯ ನೀರನ್ನೇ ನಂಬಿ ಸಸಿ ನೆಡುತ್ತಿದ್ದಾರೆ. ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ತಮ್ಮನೋ ಮಗನೋ ಅಳಿಯನೋ ಬಯಲಿನಲ್ಲಿ ಮೂರು ನಾಲ್ಕು ಎಕರೆ ಹಿಡಿದಿದ್ದಾರೆ. ಹಾಗೆ ಹಿಡಿಯುವಾಗ ನೋಡುವುದೇನು? ರಸ್ತೆ ಇದೆಯೆ, ನೀರು ಎಷ್ಟು ಇಂಚು ಬರುತ್ತದೆ, ಪಹಣಿ ಸರಿಯಾಗಿದೆಯೆ. ಮಣ್ಣನ್ನು ಒಂದು ಹಿಡಿ ಎತ್ತಿ ಮೂಸಿ ನೋಡಿದರೆ ದೊಡ್ಡದು. ಮೂರಡಿ ಕೆಳಗೆ ಏನಿದೆ ಎಂಬುದನ್ನು ಕೇಳುವವರಿಲ್ಲ.

ಭತ್ತದವನಿಗೆ ಈ ಅಜ್ಞಾನದ ದಂಡ ಒಂದು ಹಂಗಾಮಿನದು. ಮುಂದಿನ ಹಂಗಾಮಿಗೆ ಅವನು ಬೆಳೆ ಬದಲಾಯಿಸಬಹುದು. ಅಡಿಕೆಯವನು ಐದಾರು ವರ್ಷ ಕೈಯಿಂದ ಹಾಕುತ್ತ ಹೋಗಬೇಕು, ಆಮೇಲೆ ಫಸಲು. ಆ ಹೊತ್ತಿಗೆ ಒಂದು ಮೂಲೆಯ ಮರಗಳ ಗರಿತುದಿ ಒಣಗತೊಡಗಿದರೆ ಅದು ರೋಗವೋ ಗೊಬ್ಬರದ ಕೊರತೆಯೋ ಉಪ್ಪೋ ಎಂದು ತಿಳಿಯದೆ ಔಷಧದ ಅಂಗಡಿಗೆ ಅಲೆಯುವುದೇ ಆಗುತ್ತದೆ. ಆದಕಾರಣ ಬಯಲಿನ ನೀರಾವರಿ ಜಮೀನಿನಲ್ಲಿ ಸಸಿ ನೆಡುವ ಮೊದಲೇ ಉಪ್ಪಿನ ನಕ್ಷೆ ಮಾಡಿಸತಕ್ಕದ್ದು, ಅದನ್ನು ಒಬ್ಬೊಬ್ಬರಾಗಿ ಅಲ್ಲ, ಸಂಘದ ಮೂಲಕ ಒಟ್ಟಾಗಿ ಮಾಡಿಸತಕ್ಕದ್ದು ಎಂಬುದು ನನ್ನ ಅಭಿಪ್ರಾಯ. ನೆಲದ ಮೇಲೆ ಎಳೆದುಕೊಂಡು ಹೋಗುತ್ತಲೇ ಒಳಗಿನ ಉಪ್ಪಿನ ಸುಳಿವು ಹಿಡಿಯುವ ಸಾಧನಗಳು ಈಗ ಇವೆ. ಅವುಗಳ ಗುಣವನ್ನೂ ಮಿತಿಯನ್ನೂ ಸದಸ್ಯರು ತಿಳಿದಿರಬೇಕೆಂದೇ ಈ ಲೇಖನ.

ಮೊದಲಿಗೆ ಉಪ್ಪು ಬರುವುದೆಲ್ಲಿಂದ ಎಂಬುದನ್ನು ನೋಡೋಣ. ಕೊಳವೆಬಾವಿಯ ನೀರಿನ ವಿದ್ಯುತ್ ವಾಹಕತೆ ಒಂದು ಡೆಸಿಸೀಮನ್ಸ್ ಎಂದಿಟ್ಟುಕೊಳ್ಳಿ. ಹಿಂದಿನವರು ಇದನ್ನೇ ಮಿಲಿಮೋ ಎನ್ನುತ್ತಿದ್ದರು, ಅಂಕಿ ಒಂದೇ. ಇದು ಕೆಟ್ಟ ನೀರೇನೂ ಅಲ್ಲ, ಬಯಲಿನಲ್ಲಿ ಎಷ್ಟೋ ಬಾವಿಗಳ ನೀರು ಇದಕ್ಕಿಂತ ಗಡಸು. ಅಂಥ ನೀರಿನಲ್ಲಿ ಲೀಟರಿಗೆ ಸುಮಾರು 640 ಮಿಲಿಗ್ರಾಂ ಲವಣ ಕರಗಿರುತ್ತದೆ. ಒಂಬತ್ತಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 537 ಗಿಡ. ಗಿಡಕ್ಕೆ ಹನಿ ನೀರಾವರಿಯಲ್ಲಿ ದಿನಕ್ಕೆ 20 ಲೀಟರಿನಂತೆ ವರ್ಷದಲ್ಲಿ 150 ದಿನ ಬಿಟ್ಟರೆ ಎಕರೆಗೆ ಹದಿನಾರು ಲಕ್ಷ ಲೀಟರ್ ನೀರು. ಗುಣಿಸಿ ನೋಡಿ, ಹತ್ತು ಕ್ವಿಂಟಾಲ್ ಲವಣ! ಎಲ್ಲವೂ ಅಡುಗೆ ಉಪ್ಪಲ್ಲ, ಸುಣ್ಣದ ಅಂಶವೂ ಸೇರಿರುತ್ತದೆ, ಅದರಲ್ಲಿ ಒಂದು ಪಾಲು ಮಣ್ಣಿನಲ್ಲೇ ಗಟ್ಟಿಯಾಗಿ ಕೂರುತ್ತದೆ ಎಂಬುದು ನಿಜ. ಆದರೂ ನೀರನ್ನು ಗಿಡ ಕುಡಿಯುತ್ತದೆ, ಬಿಸಿಲು ಕುಡಿಯುತ್ತದೆ, ಲವಣವನ್ನು ಮಾತ್ರ ಬಹುಪಾಲು ಇದ್ದಲ್ಲೇ ಬಿಡುತ್ತವೆ. ಮಲೆನಾಡಿನ ಮುಂಗಾರು ಒಂದೇ ತಿಂಗಳಲ್ಲಿ ಇದನ್ನು ತೊಳೆದು ಹೊಳೆಗೆ ಕಳಿಸೀತು. ಆರೇಳು ನೂರು ಮಿಲಿಮೀಟರ್ ಮಳೆಯ ಸೀಮೆಯಲ್ಲಿ, ಅದರಲ್ಲೂ ನೀರು ಇಂಗದ ಎರೆ ಮಣ್ಣಿನಲ್ಲಿ, ಆ ಭರವಸೆ ಇಲ್ಲ.

ನಾಲೆಯ ನೀರು ಇದಕ್ಕಿಂತ ಎಷ್ಟೋ ಸಿಹಿ. ಆದರೆ ಅದು ಬೇರೆ ದಾರಿಯಿಂದ ತೊಂದರೆ ತರುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಕಥೆ ನಮ್ಮ ಕಣ್ಣ ಮುಂದಿದೆ. 1953ರಲ್ಲಿ ನೀರು ಹರಿಯಲಾರಂಭಿಸಿದಾಗ ಯೋಜನೆಯವರು ಎಣಿಸಿದ್ದು ಬಹುಮಟ್ಟಿಗೆ ಹತ್ತಿ, ಜೋಳ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನು. ನಾಲೆಯ ಮೇಲ್ಭಾಗದವರು ಬೆಳೆದದ್ದು ಭತ್ತವನ್ನು. ಅದಕ್ಕೆ ಅವರನ್ನು ಬೈದು ಫಲವಿಲ್ಲ, ನೀರು ಕಂಡ ರೈತ ಭತ್ತ ಬೆಳೆಯದೆ ಇರುವನೆ? ಎರೆ ಭೂಮಿಯಲ್ಲಿ ನೀರು ನಿಂತಿತು, ಅಂತರ್ಜಲ ಮೇಲೆ ಬಂತು, ಆಳದಲ್ಲಿದ್ದ ಲವಣವನ್ನು ಹೊತ್ತುಕೊಂಡೇ ಬಂತು. ಗಂಗಾವತಿ, ಸಿಂಧನೂರಿನ ಕಡೆ ತಗ್ಗು ಹೊಲಗಳ ಮೇಲೆ ಬೇಸಗೆಯಲ್ಲಿ ಬಿಳಿ ಹುಡಿ ಹರಡಿರುವುದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆ ಅಚ್ಚುಕಟ್ಟಿನಲ್ಲಿ ಹೀಗೆ ಕೆಟ್ಟ ಭೂಮಿ 96,000 ಹೆಕ್ಟೇರಿನ ಆಸುಪಾಸು ಎಂಬ ಲೆಕ್ಕ ಸಂಶೋಧಕರ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಹಲವು ದಶಕಗಳಿಂದ ಈ ಒಂದು ಸಮಸ್ಯೆಯ ಬೆನ್ನು ಹತ್ತಿದೆ.

ಭದ್ರಾ ಅಚ್ಚುಕಟ್ಟು ಅದೇ ಗತಿಗೆ ಬಂದಿದೆಯೆಂದು ನಾನು ಹೇಳುತ್ತಿಲ್ಲ. ಅಲ್ಲಿ ಕೆಂಪು ಮಣ್ಣಿನ ದಿಣ್ಣೆಗಳೂ ಇವೆ, ತಗ್ಗಿನಲ್ಲಿ ಎರೆಯೂ ಇದೆ. ಒಂದೇ ಸರ್ವೆ ನಂಬರಿನೊಳಗೆ ಎರಡೂ ಸಿಗುತ್ತವೆ. ಮೇಲಿನ ಗದ್ದೆಯವನು ಭತ್ತಕ್ಕೆ ನೀರು ನಿಲ್ಲಿಸಿದರೆ ಕೆಳಗಿನ ತೋಟಕ್ಕೆ ಬಸಿ ಬರುತ್ತದೆ. ನಿಂತ ನೀರನ್ನು ಅಡಿಕೆ ಸಹಿಸದೆಂಬುದು ನಿಮಗೆ ತಿಳಿದೇ ಇದೆ. ಉಪ್ಪು ಯಾವಾಗಲೂ ಜವುಳಿನ ಹಿಂದೆಯೇ ಬರುವಂಥದ್ದು.

ಹಾಗಾದರೆ ಮಣ್ಣು ಪರೀಕ್ಷೆ ಮಾಡಿಸಿದರೆ ಸಾಲದೆ? 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯನ್ನೇ ತೆಗೆದುಕೊಳ್ಳಿ. ಅದರ ಮೊದಲ ಸುತ್ತುಗಳಲ್ಲಿ ನೀರಾವರಿ ಪ್ರದೇಶದಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ, ಅಂದರೆ ಸುಮಾರು ಆರು ಎಕರೆ ಏಳು ಗುಂಟೆಗೆ ಒಂದು. ಮಣ್ಣು ತೆಗೆಯುವುದು ಮೇಲಿನ ಅರ್ಧ ಅಡಿಯಿಂದ. ರಸ, ಸಾರ, ಪೊಟ್ಯಾಷಿಗೆ ಇದು ನಡೆದೀತು. ಉಪ್ಪಿನ ಸ್ವಭಾವ ಬೇರೆ. ಅದು ಇಲ್ಲಿ ಹತ್ತು ಗುಂಟೆ, ಅಲ್ಲಿ ಐದು ಗುಂಟೆ ಎಂದು ತೇಪೆ ಹಚ್ಚಿದಂತೆ ಕೂರುತ್ತದೆ, ಮೇಲೆ ಇಲ್ಲದೆಯೂ ಕೆಳಗೆ ಇರುತ್ತದೆ. ಆರು ಎಕರೆಯ ಸರಾಸರಿ ಅಂಕಿಯಿಂದ ಆ ತೇಪೆ ಕಾಣುವುದಿಲ್ಲ.

ಈಗ ಯಂತ್ರದ ವಿಚಾರ. ಹೆಸರಾದದ್ದು ಕೆನಡಾ ದೇಶದ ಜಿಯೋನಿಕ್ಸ್ ಕಂಪನಿಯ ಇ.ಎಂ. 38 ಎಂಬ ಸಾಧನ. ಹೊಸದೇನೂ ಅಲ್ಲ, ಬಂದು ನಾಲ್ವತ್ತು ವರ್ಷಕ್ಕೆ ಮೇಲಾಯಿತು. ಒಂದು ಮೀಟರಿಗಿಂತ ತುಸು ಉದ್ದದ ದಿಮ್ಮಿಯಂಥ ಪೆಟ್ಟಿಗೆ, ಒಳಗೆ ಒಂದು ಮೀಟರ್ ಅಂತರದಲ್ಲಿ ಎರಡು ತಂತಿಯ ಸುರುಳಿಗಳು. ಒಂದು ಸುರುಳಿ ನೆಲದೊಳಕ್ಕೆ ಕಾಂತಕ್ಷೇತ್ರವನ್ನು ಬೀರುತ್ತದೆ, ಅದರಿಂದ ಮಣ್ಣಿನಲ್ಲಿ ಸಣ್ಣ ವಿದ್ಯುತ್ ಪ್ರವಾಹಗಳು ಹುಟ್ಟುತ್ತವೆ, ಅವನ್ನು ಇನ್ನೊಂದು ಸುರುಳಿ ಗ್ರಹಿಸುತ್ತದೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದರಿಂದ ಉಪ್ಪಿದ್ದಲ್ಲಿ ಅಂಕಿ ಏರುತ್ತದೆ. ನೆಲಕ್ಕೆ ಏನನ್ನೂ ಚುಚ್ಚಬೇಕಾಗಿಲ್ಲ. ಕಬ್ಬಿಣವಿಲ್ಲದ ಜಾರುಹಲಗೆಯ ಮೇಲಿಟ್ಟು ಗಾಡಿಗೆ ಕಟ್ಟಿ ಎಳೆದರೆ, ಜಿ.ಪಿ.ಎಸ್. ಜಾಗವನ್ನು ಬರೆದುಕೊಳ್ಳುತ್ತ ಹೋಗುತ್ತದೆ, ಸೆಕೆಂಡಿಗೊಂದು ಅಂಕಿ ದಾಖಲಾಗುತ್ತದೆ. ಕೈಯಲ್ಲಿ ಹಿಡಿದು ಸಾಲಿನಿಂದ ಸಾಲಿಗೆ ನಡೆದರೂ ಆದೀತು. ಇನ್ನೊಂದು ಬಗೆಯ ಯಂತ್ರ ಉಕ್ಕಿನ ತಟ್ಟೆಗಳನ್ನು ಮಣ್ಣಿನಲ್ಲಿ ಉರುಳಿಸಿ ನೇರವಾಗಿ ವಿದ್ಯುತ್ ಹಾಯಿಸಿ ಅಳೆಯುತ್ತದೆ. ಅದನ್ನು ತಯಾರಿಸುವ ಅಮೆರಿಕದ ವೆರಿಸ್ ಕಂಪನಿ ಇರುವ ಊರಿನ ಹೆಸರೇ ಸಲೈನಾ! ಉಪ್ಪನ್ನು ಅಳೆಯುವವರಿಗೆ ಇದಕ್ಕಿಂತ ಒಪ್ಪುವ ಊರು ಸಿಕ್ಕೀತೆ?

ಇಂಥ ಸಾಧನಗಳನ್ನು ಗಾಡಿಗೇರಿಸಿ ಹೊಲಗಳ ನಕ್ಷೆ ತೆಗೆಯುವ ಕ್ರಮವನ್ನು ಬೆಳೆಸಿದವರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡಿನಲ್ಲಿರುವ ಅಮೆರಿಕ ಸರಕಾರದ ಲವಣ ಪ್ರಯೋಗಾಲಯದವರು ಮುಖ್ಯರು. ರೋಡ್ಸ್, ಕಾರ್ವಿನ್, ಲೆಶ್ ಎಂಬ ವಿಜ್ಞಾನಿಗಳು 1990ರ ದಶಕದಿಂದ ಸ್ಯಾನ್ ವಾಕೀನ್ ಕಣಿವೆಯ ನೀರಾವರಿ ಹೊಲಗಳಲ್ಲಿ ಈ ಕೆಲಸ ಮಾಡಿದರು. 1999ರಲ್ಲಿ ಹತ್ತಿ ಬೆಳೆದ 32 ಹೆಕ್ಟೇರಿನ ಒಂದೇ ಹೊಲದಲ್ಲಿ ಯಂತ್ರದ ಅಂಕಿ ನೋಡಿ 60 ಜಾಗ ಆರಿಸಿ ಮಣ್ಣು ತೆಗೆದು ಇಳುವರಿಯೊಂದಿಗೆ ತಾಳೆ ನೋಡಿದರು. ಉಪ್ಪು ಏಳು ಡೆಸಿಸೀಮನ್ಸ್ ದಾಟಿದ ಕಡೆ ಹತ್ತಿ ಇಳಿಯಿತು. ಹತ್ತಿ ಗಟ್ಟಿ ಬೆಳೆ. ಭತ್ತ ಮೂರಕ್ಕೇ ಸೋಲುತ್ತದೆ. ಸಾಮಾನ್ಯವಾಗಿ ನಾಲ್ಕು ದಾಟಿದರೆ ಸವುಳು ಭೂಮಿ ಎಂದು ಕರೆಯುವುದು 1954ರಿಂದ ನಡೆದು ಬಂದ ರೂಢಿ.

ಈ ಯಂತ್ರದ ಒಂದು ಗುಣ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯುಕ್ತವಾಗಿ ತೋರಿದೆ. ಪೆಟ್ಟಿಗೆಯನ್ನು ನೆಟ್ಟಗೆ ಹಿಡಿದರೆ ಅದು ಸುಮಾರು ಒಂದೂವರೆ ಮೀಟರ್ ಆಳದವರೆಗಿನ ಮಣ್ಣನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮಗ್ಗುಲಿಗೆ ಮಲಗಿಸಿದರೆ ಮುಕ್ಕಾಲು ಮೀಟರಿನವರೆಗೆ. ಎರಡೂ ಬಗೆಯಲ್ಲಿ ಅಳೆದು ಹೋಲಿಸಿದರೆ ಉಪ್ಪು ಯಾವ ಕಡೆ ಸಾಗುತ್ತಿದೆ ಎಂಬ ಸುಳಿವು ಸಿಗುತ್ತದೆ. ಆಳದ ಅಂಕಿ ಹೆಚ್ಚಿದ್ದು ಮೇಲಿನದು ಕಡಿಮೆಯಿದ್ದರೆ ನೀರು ಕೆಳಗೆ ಇಳಿಯುತ್ತಿದೆ, ಉಪ್ಪನ್ನು ತೊಳೆಯುತ್ತಿದೆ. ಮೇಲಿನ ಅಂಕಿಯೇ ಹೆಚ್ಚಿದ್ದರೆ ನೀರು ಕೆಳಗಿನಿಂದ ಮೇಲಕ್ಕೆ ಹೀರಿಕೊಳ್ಳುತ್ತಿದೆ, ಬಿಸಿಲಿಗೆ ಆರಿ ಉಪ್ಪನ್ನು ಬೇರಿನ ವಲಯದಲ್ಲೇ ಬಿಡುತ್ತಿದೆ ಎಂದು ಅರ್ಥ. ಎರಡನೆಯ ಜಾಗದಲ್ಲಿ ಬಸಿಗಾಲುವೆ ಇಲ್ಲದೆ ಸಸಿ ನೆಡುವುದು ಹಣವನ್ನು ಹೂಳುವುದಕ್ಕೆ ಸಮ. ಬಿಳಿ ಹುಡಿ ಕಾಣುವ ಎಷ್ಟೋ ಮುಂಚೆ ಈ ಸುಳಿವು ಸಿಗುತ್ತದೆಂಬುದೇ ಯಂತ್ರದ ಬೆಲೆ. ಬಿಳಿ ಹುಡಿ ಕಂಡಮೇಲೆ ಹೇಳುವುದಕ್ಕೆ ಯಂತ್ರವೇಕೆ, ದನ ಕಾಯುವ ಹುಡುಗನೂ ಹೇಳುತ್ತಾನೆ.

ಇಷ್ಟು ಹೊಗಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಬೇಕು. ಯಂತ್ರ ಅಳೆಯುವುದು ಉಪ್ಪನ್ನಲ್ಲ, ಮಣ್ಣು ವಿದ್ಯುತ್ತನ್ನು ಎಷ್ಟು ಒಯ್ಯುತ್ತದೆ ಎಂಬುದನ್ನು. ಜೇಡಿ ಹೆಚ್ಚಿದ್ದರೂ ಅಂಕಿ ಏರುತ್ತದೆ, ತೇವ ಹೆಚ್ಚಿದ್ದರೂ ಏರುತ್ತದೆ, ಮಣ್ಣು ಬಿಸಿಯಾದರೂ ಏರುತ್ತದೆ. ಉಪ್ಪೇ ಇಲ್ಲದ ಒದ್ದೆ ಎರೆ ಮಣ್ಣು, ಉಪ್ಪಿರುವ ಒಣ ಮರಳು ಮಣ್ಣಿಗಿಂತ ದೊಡ್ಡ ಅಂಕಿ ಕೊಟ್ಟೀತು. ಕೊಳವೆಬಾವಿಯ ಕಬ್ಬಿಣದ ಕೇಸಿಂಗ್, ತಂತಿ ಬೇಲಿ, ವಿದ್ಯುತ್ ಕಂಬ ಹತ್ತಿರವಿದ್ದರೆ ಓದು ಕೆಡುತ್ತದೆ. ಆದ್ದರಿಂದಲೇ ರಿವರ್‌ಸೈಡಿನವರು ಮೊದಲು ಯಂತ್ರ ಓಡಿಸಿ, ಆ ಅಂಕಿಗಳ ಆಧಾರದ ಮೇಲೆ 6, 12 ಅಥವಾ 20 ಜಾಗಗಳನ್ನು ಆರಿಸಿಕೊಡುವ ಗಣಕ ಕ್ರಮವನ್ನು ರೂಪಿಸಿದರು. ಆ ಜಾಗಗಳಲ್ಲಿ ಒಂದೊಂದು ಅಡಿಗೂ ಮಣ್ಣು ತೆಗೆದು ಪ್ರಯೋಗಾಲಯದಲ್ಲಿ ಅಳೆದು ಯಂತ್ರದ ಅಂಕಿಗೆ ತಾಳೆ ಹಾಕಬೇಕು. ನಾಳೆ ಯಾರಾದರೂ ಪೆಟ್ಟಿಗೆ ಹಿಡಿದು ಬಂದು, ಗುದ್ದಲಿಯನ್ನು ಮುಟ್ಟದೆ, ಸಂಜೆಯೊಳಗೆ ಬಣ್ಣದ ನಕ್ಷೆ ಕೈಗಿಟ್ಟರೆ ಅದಕ್ಕೂ ಕವಡೆ ಶಾಸ್ತ್ರಕ್ಕೂ ವ್ಯತ್ಯಾಸವಿಲ್ಲ. ಹಣ ಕೊಡಬೇಡಿ.

ಇನ್ನೊಂದು ಮಿತಿ. ಸವುಳು ಬೇರೆ, ಕ್ಷಾರ ಬೇರೆ. ಸೋಡಿಯಂ ಮಣ್ಣಿನ ಕಣಕ್ಕೆ ಅಂಟಿಕೊಂಡ ಭೂಮಿ ಮಳೆ ಬಂದರೆ ಅಂಟು, ಒಣಗಿದರೆ ಕಲ್ಲು. ಅಲ್ಲಿ ಜಿಪ್ಸಂ ಹಾಕದೆ ಬರಿಯ ನೀರು ಬಿಟ್ಟು ತೊಳೆದರೆ ಮಣ್ಣು ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಈ ಭೇದವನ್ನು ಯಂತ್ರ ಹೇಳಲಾರದು, ಪ್ರಯೋಗಾಲಯವೇ ಹೇಳಬೇಕು.

ಸಸಿ ನೆಡುವ ಮೊದಲು ಎಂದು ನಾನು ಒತ್ತಿ ಹೇಳುವುದಕ್ಕೆ ಮತ್ತೂ ಒಂದು ಕಾರಣವಿದೆ. ಒಂಬತ್ತಡಿ ಸಾಲಿನಲ್ಲಿ ಮರ ಎದ್ದಮೇಲೆ, ನಡುವೆ ಬಾಳೆಯೋ ಕೋಕೋವೋ ಬಂದಮೇಲೆ, ಗಾಡಿ ಎಳೆಯುವ ಮಾತು ಮುಗಿಯಿತು. ಹನಿ ನೀರಾವರಿಯ ತೋಟದಲ್ಲಿ ಓದುವುದೂ ಕಷ್ಟ. ಹನಿ ಬೀಳುವ ಕಡೆ ತೇವ, ಎರಡು ಮಾರು ಆಚೆ ಒಣ ನೆಲ. ಉಪ್ಪು ತೇವದ ಅಂಚಿಗೆ ಸರಿದು ಬಳೆಯಂತೆ ಕೂತಿರುತ್ತದೆ. (ಪ್ರಸಂಗವಶಾತ್ ಒಂದು ಮಾತು: ಬೇಸಗೆಯ ಮೊದಲ ಹಗುರ ಮಳೆಗೆ ಹನಿ ನೀರನ್ನು ನಿಲ್ಲಿಸಬೇಡಿ. ಆ ಮಳೆ ಅಂಚಿನ ಉಪ್ಪನ್ನು ತೊಳೆದು ಬೇರಿನ ಬುಡಕ್ಕೇ ತರುತ್ತದೆ. ಒಳ್ಳೆಯ ಮಳೆ ಬೀಳುವತನಕ ಹನಿ ಓಡುತ್ತಿರಲಿ.)

ಈ ಸಲಹೆಗೆ ಬರಬಹುದಾದ ಆಕ್ಷೇಪಗಳಲ್ಲಿ ನನಗೆ ತೂಕದ್ದಾಗಿ ಕಾಣುವುದು ಖರ್ಚಿನದಲ್ಲ. "ನಕ್ಷೆಯಲ್ಲಿ ನನ್ನ ಜಮೀನು ಕೆಂಪಾಗಿ ಬಂದರೆ ಅದರ ಬೆಲೆ ಏನಾದೀತು? ಸಾಲ ಕೊಡುವವರು ಏನೆಂದಾರು?" ಎಂಬ ಅಂಜಿಕೆ. ಇದನ್ನು ತಳ್ಳಿಹಾಕುವಂತಿಲ್ಲ. ನಾಲ್ಕು ಎಕರೆಯೇ ಸರ್ವಸ್ವವಾದವನಿಗೆ ಆ ಕಾಗದ ಕುತ್ತಿಗೆಗೆ ಬಂದೀತು. ಆದರೆ ಮುಚ್ಚಿಟ್ಟ ಉಪ್ಪಿನ ಜಮೀನನ್ನು ಕೊಳ್ಳುವವನೂ ನಮ್ಮಂಥ ಇನ್ನೊಬ್ಬ ಸಣ್ಣ ಬೆಳೆಗಾರನೇ ಅಲ್ಲವೆ? ನನ್ನ ಸೂಚನೆ ಇದು: ನಕ್ಷೆ, ಗುಂಡಿಗಳ ವರದಿ ಎರಡೂ ಜಮೀನಿನ ಒಡೆಯನ ಸ್ವತ್ತು. ಸಂಘದಲ್ಲಿ ಒಂದು ಪ್ರತಿ ಇರಲಿ, ಒಡೆಯನ ಲಿಖಿತ ಒಪ್ಪಿಗೆಯಿಲ್ಲದೆ ಅದನ್ನು ಯಾರಿಗೂ, ಸಂಘದ ಸಾಲ ವಿಭಾಗಕ್ಕೂ, ತೋರಿಸಕೂಡದು. ಸಾಲದ ಅರ್ಜಿಗೆ ನಕ್ಷೆ ಲಗತ್ತಿಸಬೇಕೆಂಬ ನಿಯಮವನ್ನಂತೂ ಮಾಡಲೇಬಾರದು. ಅಂಥ ನಿಯಮ ಬಂದ ಮರುದಿನವೇ ಗುಂಡಿ ತೋಡುವುದು ಹೊಲದ ಒಳ್ಳೆಯ ಮೂಲೆಯಲ್ಲಿ ಮಾತ್ರ ಎಂದಾಗುತ್ತದೆ.

ಖರ್ಚಿನ ಮಾತು ಚಿಕ್ಕದು. ಯಂತ್ರದ ಬೆಲೆ ಲಕ್ಷಗಳಲ್ಲಿ, ಒಬ್ಬೊಬ್ಬರು ಕೊಳ್ಳುವಂಥದ್ದಲ್ಲ. ಸಂಘವೂ ಈಗಲೇ ಕೊಳ್ಳಬೇಕಾಗಿಲ್ಲ. ಕೃಷಿ ವಿಶ್ವವಿದ್ಯಾಲಯಗಳಿಗೆ ಬರೆದು, ಒಂದು ತೂಬಿನ ಕೆಳಗಿನ ಜಮೀನುಗಳನ್ನು ಒಟ್ಟು ಹಿಡಿದು ಅಳೆಸುವ ಏರ್ಪಾಡು ಆಗಬಹುದೆ ಎಂದು ವಿಚಾರಿಸಬೇಕು. ಒಟ್ಟು ಹಿಡಿಯುವುದು ಖರ್ಚು ಉಳಿಸುವುದಕ್ಕಷ್ಟೇ ಅಲ್ಲ. ಉಪ್ಪು ಬದು ನೋಡಿ ನಿಲ್ಲುವುದಿಲ್ಲ, ಮೇಲಿನವನ ಬಸಿನೀರು ಎಲ್ಲಿ ಏಳುತ್ತದೆ ಎಂಬುದು ಒಂದೇ ಹೊಲದ ನಕ್ಷೆಯಲ್ಲಿ ತಿಳಿಯದು. ಅಳೆಯುವ ಕಾಲವನ್ನೂ ನೋಡಬೇಕು. ಮುಂಗಾರು ಭತ್ತ ಕೊಯ್ದು ನಾಲೆ ನಿಂತ ಮೇಲೆ, ನೆಲದಲ್ಲಿ ತೇವವಿದ್ದು ನೀರು ನಿಂತಿರದ ದಿನಗಳೇ ಸರಿ. ಎರೆ ಮಣ್ಣು ಬಿರುಕು ಬಿಟ್ಟಮೇಲೆ ಅಳೆದರೆ ಅಂಕಿ ನಂಬಲಾಗದು.

ನಕ್ಷೆ ಬಂದಮೇಲೆ ಬಸಿಗಾಲುವೆಯ ಪ್ರಶ್ನೆ ಏಳುತ್ತದೆ. ಮಲೆನಾಡಿನ ತೋಟಿಗರಿಗೆ ಬಸಿಗಾಲುವೆಯ ಪಾಠ ಹೇಳಬೇಕಾಗಿಲ್ಲ, ಆದರೆ ಇಲ್ಲಿ ಬಸಿಯುವುದು ಉಪ್ಪುನೀರು, ಅದು ಹೋಗುವುದೆಲ್ಲಿಗೆ? ಸ್ಯಾನ್ ವಾಕೀನ್ ಕಣಿವೆಯಲ್ಲಿ ಹೊಲಗಳ ಬಸಿನೀರನ್ನು ಕಾಲುವೆಯಲ್ಲಿ ಒಯ್ದು ಕೆಸ್ಟರ್ಸನ್ ಎಂಬ ಕೊಳಗಳಲ್ಲಿ ನಿಲ್ಲಿಸಿದರು. 1983ರಲ್ಲಿ ಅಲ್ಲಿ ನೀರುಹಕ್ಕಿಗಳ ಮರಿಗಳು ಅಂಗವಿಕಲವಾಗಿ ಹುಟ್ಟುತ್ತಿರುವುದು ಕಂಡುಬಂತು. ಬಸಿನೀರಿನೊಂದಿಗೆ ಬಂದ ಸೆಲೆನಿಯಂ ಅದಕ್ಕೆ ಕಾರಣವಾಗಿತ್ತು. ನಮ್ಮ ಮಣ್ಣಿನಲ್ಲಿ ಅದೇ ವಿಷವಿದೆಯೆಂದಲ್ಲ. ನಮ್ಮ ತೂಬಿನ ಬಸಿನೀರು ಕೆಳಗಿನ ಊರಿನ ಕೆರೆಗೋ ಹಳ್ಳಕ್ಕೋ ಸೇರುವುದಾದರೆ ಆ ಊರಿನವರನ್ನು ಮೊದಲೇ ಕೂರಿಸಿಕೊಂಡು ಮಾತಾಡಬೇಕು. ಕಾಲುವೆ ಕಡಿದ ಮೇಲೆ ಮಾತಾಡಿದರೆ ಅದು ಪೋಲೀಸು ಠಾಣೆಯಲ್ಲಿ ಆಗುತ್ತದೆ.

ನಕ್ಷೆಗೆ ಸಮಯ ಹಿಡಿದೀತು. ನೀರಿನ ಪರೀಕ್ಷೆಗೆ ಕಾಯಬೇಕಾಗಿಲ್ಲ. ವಾಹಕತೆ ಅಳೆಯುವ ಕೈಮೀಟರ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಸಂಘದ ಗೊಬ್ಬರದ ಗೋದಾಮಿನಲ್ಲಿ ಒಂದನ್ನು ಇಟ್ಟು, ಬಂದವರ ನೀರನ್ನು ಅಳೆದು ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಆಡಳಿತ ಮಂಡಲಿ ಈ ತಿಂಗಳೇ ಆರಂಭಿಸಬಹುದು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಾನು ಈ ಎರಡೂ ವಿಷಯಗಳನ್ನು ಎತ್ತಲಿದ್ದೇನೆ. ಬಯಲಿನಲ್ಲಿ ಜಮೀನಿರುವವರು ಸಭೆಗೆ ಬರುವಾಗ ಕೊಳವೆಬಾವಿಯ ನೀರನ್ನು ತೊಳೆದ ಶೀಸೆಯಲ್ಲಿ ತುಂಬಿ ತನ್ನಿ. ಪಂಪು ಹಾಕಿ ಅರ್ಧ ಗಂಟೆ ಓಡಿಸಿದ ಮೇಲೆ ಹಿಡಿದ ನೀರಾಗಿರಲಿ, ಶೀಸೆಯ ಮೇಲೆ ಸರ್ವೆ ನಂಬರ್ ಮತ್ತು ಬಾವಿಯ ಆಳ ಬರೆದಿರಲಿ.